ತುಂಬೆಯ ಕಿಂಡಿಯಲ್ಲಿ ಮೀನಿಗೂ ದಾರಿ ಬೇಕು

ಬೇಸಿಗೆ ಬಂತೆಂದರೆ ನೇತ್ರಾವತಿಗೆ ಕಟ್ಟಿದ ತುಂಬೆಯ ಕಿಂಡಿ ಅಣೆಕಟ್ಟಿನಲ್ಲಿ ಎಷ್ಟು ಮೀಟರ್ ನೀರಿದೆ ಎಂದು ಮಂಗಳೂರಿನವರೆಲ್ಲ ವಿಚಾರಿಸುತ್ತೇವೆ. ಕುಡಿಯುವ ನೀರು, ವಿಚಾರಿಸಲೇಬೇಕು. ಆದರೆ ಅದೇ ಗೋಡೆಯ ಬುಡದಲ್ಲಿ ಮೇಲೇರಲಾಗದೆ ಸುತ್ತುವ ಮೀನಿನ ಬಗ್ಗೆ ಯಾರೂ ಕೇಳುವುದಿಲ್ಲ.

"ಮಳೆಗಾಲದಲ್ಲಿ ಗೇಟ್ ತೆಗೆದಿರುತ್ತದಲ್ಲ, ಆಗ ಹತ್ತುತ್ತದೆ" ಅನ್ನುತ್ತಾರೆ. ಅರ್ಧ ನಿಜ. ಕಿಂಡಿಯ ಆಚೀಚೆ ನೀರಿನ ಮಟ್ಟ ಒಂದೇ ಮೀಟರ್ ಹೆಚ್ಚುಕಡಿಮೆ ಇದ್ದರೂ ಸೆಳೆತ ಸೆಕೆಂಡಿಗೆ ಸುಮಾರು 4.4 ಮೀಟರ್. ಮಳೆಗಾಲದಲ್ಲಿ ಹೊಳೆ ಹತ್ತುವ ಗೇಣುದ್ದದ ಮೀನಿಗೆ ಅದು ಗೋಡೆಯೇ. ಮಳೆ ನಿಂತು ಗೇಟ್ ಇಳಿಸಿದ ಮೇಲಂತೂ ದಾರಿಯೇ ಇಲ್ಲ. ಹಾವುಮೀನು ಸಮುದ್ರದಲ್ಲಿ ಹುಟ್ಟಿ ನದಿಯಲ್ಲಿ ಬೆಳೆಯುವಂಥದ್ದು. ಸಿಹಿನೀರಿನ ದೊಡ್ಡ ಸಿಗಡಿ ಮರಿ ಬಿಡಲು ಅಳಿವೆಯ ಸವಳು ನೀರಿಗೆ ಇಳಿಯಬೇಕು, ಮರಿಗಳು ಮತ್ತೆ ಮೇಲೆ ಬರಬೇಕು. ಎರಡಕ್ಕೂ ಉಳ್ಳಾಲದ ಅಳಿವೆಯಿಂದ ಉಪ್ಪಿನಂಗಡಿಯಾಚೆಯವರೆಗೆ ನದಿ ಒಂದೇ ಆಗಿರಬೇಕು.

ಪರಿಹಾರ ಮೀನಿನ ಏಣಿ, ಅಂದರೆ ಮೆಟ್ಟಿಲು ಮೆಟ್ಟಿಲಾಗಿ ನೀರು ಇಳಿಯುವ ತೊಟ್ಟಿಗಳ ಸಾಲು. ವಿದೇಶದ ಸಾಲ್ಮನ್ ಏಣಿಯ ನಕ್ಷೆ ತಂದು ಕಟ್ಟಿದರೆ ದುಡ್ಡು ದಂಡ, ನಮ್ಮ ಮೀನುಗಳಿಗೆ ಅಷ್ಟು ಹಾರಲಾಗದು. ಒಂದು ತೊಟ್ಟಿಯಿಂದ ಇನ್ನೊಂದಕ್ಕೆ 10 ಸೆಂಟಿಮೀಟರ್ ಇಳಿತ ಕೊಟ್ಟರೆ ವೇಗ ಸೆಕೆಂಡಿಗೆ 1.4 ಮೀಟರ್, 20 ಕೊಟ್ಟರೆ 2 ಮೀಟರ್. 6 ಮೀಟರ್ ಎತ್ತರಕ್ಕೆ 10ರ ಲೆಕ್ಕದಲ್ಲಿ 60 ತೊಟ್ಟಿ, ಒಂದೊಂದು 2 ಮೀಟರ್ ಅಂದರೂ 120 ಮೀಟರ್ ಉದ್ದ. ತಳಕ್ಕೆ ನುಣ್ಣನೆಯ ಕಾಂಕ್ರೀಟ್ ಬೇಡ, ಹೊಳೆಕಲ್ಲು ಹುದುಗಿಸಬೇಕು. ಬಂಡೆಗೆ ಅಂಟಿಕೊಂಡು ಸಾಗುವ ಸಣ್ಣ ಮೀನುಗಳು ಕಲ್ಲಿನ ಮರೆಯಲ್ಲೇ ಏರುವುದು. ಎಲ್ಲಕ್ಕಿಂತ ಮುಖ್ಯ ಏಣಿಯ ಕೆಳಬಾಯಿ. ಮೀನು ಸೆಳೆತ ಹುಡುಕಿ ಗೋಡೆಯ ಬುಡಕ್ಕೇ ಬರುತ್ತದೆ. ಬಾಯಿ ಐವತ್ತು ಮೀಟರ್ ಕೆಳಗಿದ್ದರೆ ಅದಕ್ಕೆ ಸಿಕ್ಕುವುದೇ ಇಲ್ಲ.

ಹಾವುಮೀನಿನ ಮರಿಗೆ ಇಷ್ಟೂ ಬೇಡ. ಗೋಡೆಯ ಅಂಚಿನಲ್ಲಿ ಒರಟು ಹಗ್ಗದ ಕಂತೆ ಇಳಿಬಿಟ್ಟು ಸದಾ ನೀರು ಜಿನುಗುವಂತೆ ಮಾಡಿದರೆ ಅದು ತೆವಳಿಕೊಂಡು ಹತ್ತುತ್ತದೆ.

ಖರ್ಚೇ ಇಲ್ಲದ ಕೆಲಸವೂ ಇದೆ. ಗೇಟ್‌ಗಳನ್ನೆಲ್ಲ ಒಂದೇ ಸಲ ಇಳಿಸಬಾರದು. ಕೆಳಗಿನ ಹರಿವು ಕಡಿದು ಮೀನು ಕಲ್ಲುಗುಂಡಿಗಳಲ್ಲಿ ಸಿಕ್ಕಿಬೀಳುತ್ತದೆ, ಬುಟ್ಟಿಯಲ್ಲಿ ಬಾಚುವವರಿಗೆ ಸುಗ್ಗಿ. ಆಳದ ಕಡೆಯ ಒಂದು ಗೇಟ್ ಕೊನೆಗೆ, ಇಂಚಿಂಚಾಗಿ ಇಳಿಯಲಿ. ಜೂನ್‌ನಲ್ಲಿ ತೆಗೆಯುವಾಗಲೂ ಹಾಗೆಯೇ. ತಳದಲ್ಲಿ ಕೊಳೆತ ಎಲೆ, ಕೆಸರಿನ ಆಮ್ಲಜನಕವಿಲ್ಲದ ನೀರು ಒಮ್ಮೆಲೇ ನುಗ್ಗಿದರೆ ಕೆಳಗಿನ ಮೀನು ಉಸಿರುಗಟ್ಟಿ ಸಾಯುತ್ತದೆ.

ನಿಂತ ನೀರಿಗೆ ಕಾಟ್ಲಾ, ರೋಹು ಮರಿ ಬಿಟ್ಟು ಮತ್ಸ್ಯ ಸಂಪತ್ತು ಹೆಚ್ಚಿತು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಅವು ಗಂಗೆಯ ಕಡೆಯ ಮೀನು. ಶಿಶಿಲದ ದೇವಸ್ಥಾನದ ಹೊಳೆಯಲ್ಲಿ ದೇವರ ಮೀನಿಗೆ ಕೈಮುಗಿಯುವ ನಾವು, ಅದೇ ಜಾತಿ ಮೊಟ್ಟೆಯಿಡುವ ಜಲ್ಲಿಹಾಸು ನಿಂತ ನೀರಿನ ಕೆಸರಿನಡಿ ಹೂತುಹೋಗುವುದನ್ನು ನೋಡಿಯೂ ಸುಮ್ಮನಿದ್ದೇವೆ.

ನೇತ್ರಾವತಿಯಲ್ಲಾಗಲಿ, ಉಡುಪಿಯ ಸ್ವರ್ಣೆಯಲ್ಲಾಗಲಿ, ಇನ್ನು ಹೊಸ ಕಿಂಡಿ ಅಣೆಕಟ್ಟು ಕಟ್ಟುವುದಾದರೆ ಏಣಿ ಟೆಂಡರಿಗೆ ಮೊದಲೇ ನಕ್ಷೆಯಲ್ಲಿರಲಿ. ಕಟ್ಟಿದ ಮೇಲೆ ಗೋಡೆ ಒಡೆದು ಕೂರಿಸುವುದು ದುಬಾರಿ. ಜೊತೆಗೆ ಏಣಿಯ ಎರಡೂ ಬಾಯಿಯ ಹತ್ತಿರ ಬಲೆ, ಗಾಳ ನಿಷೇಧವಾಗಲಿ.