ಹಾರ್ಮುಜ್ ಕಾಫಿ, ದಾಭೋಲ್ ಮಳೆ

ನಮ್ಮ ಬಡಾವಣೆಯ ದರ್ಶಿನಿಯಲ್ಲಿ ಗಲ್ಲಾದ ಪಕ್ಕ ಚೀಟಿ ಅಂಟಿಸಿದ್ದಾರೆ: ‘ಅಂತರರಾಷ್ಟ್ರೀಯ ಪರಿಸ್ಥಿತಿಯ ಕಾರಣ ಕಾಫಿ, ಟೀ ದರ ಪರಿಷ್ಕರಿಸಲಾಗಿದೆ. ಗ್ರಾಹಕರು ಸಹಕರಿಸಬೇಕು.’ ಏನ್ರೀ ಇದು ಅಂದರೆ, ಮಾಲೀಕರು ಚಿಲ್ಲರೆ ಎಣಿಸುತ್ತಲೇ, “ಹಾರ್ಮುಜ್ ಸಾರ್. ನಮ್ಮ ಕೈಲೇನಿದೆ?” ಅಂದರು. ಮೊದಲೆಲ್ಲ ಹಾಲಿನ ರೇಟು, ಬಾಡಿಗೆ ಅಂತ ಗೊಣಗುತ್ತಿದ್ದವರು. ಟಿವಿ ನೋಡಿ ನೋಡಿ ಭೂಗೋಳ ಚೆನ್ನಾಗಿ ಕಲಿತಿದ್ದಾರೆ.

ಅವರು ಹೇಳಿದ್ದು ಸುಳ್ಳೇನಲ್ಲ. ದೇಶ ಉರಿಸುವ ಎಲ್‌ಪಿಜಿಯಲ್ಲಿ ಅರ್ಧಕ್ಕಿಂತ ಹೆಚ್ಚು ಆಮದು. ಅದರ ಬಹುಪಾಲು ಬರುವುದು ಇರಾನ್ ಪಕ್ಕದ ಆ ಹಾರ್ಮುಜ್ ಜಲಸಂಧಿ ದಾಟಿಯೇ. ನನ್ನ ತಕರಾರು ಬೇರೆ. 2025ರ ಜೂನ್‌ನಲ್ಲಿ ಇರಾನ್, ಇಸ್ರೇಲ್ ಹನ್ನೆರಡು ದಿನ ಹೊಡೆದಾಡಿಕೊಂಡು ಕದನ ವಿರಾಮಕ್ಕೆ ಒಪ್ಪಿದವು. ಕಾಫಿ ಈವರೆಗೂ ಒಪ್ಪಿಲ್ಲ.

ಈಗ ಹಾರ್ಮುಜ್ ಮತ್ತೆ ಸುದ್ದಿ. ಅಪಾರ್ಟ್‌ಮೆಂಟ್ ವಾಟ್ಸ್ಆ್ಯಪ್ ಗುಂಪಿನಲ್ಲಿ ಒಬ್ಬ ಹಿರಿಯರು ‘ಹಾರ್ಮುಜ್ ಅಂದರೆ ಸಮುದ್ರದ ಸಿಲ್ಕ್ ಬೋರ್ಡ್’ ಎಂದು ಬರೆದರು. ನಲವತ್ತು ಮಂದಿ ಹೆಬ್ಬೆರಳು ಒತ್ತಿದರು. ಸಿಲ್ಕ್ ಬೋರ್ಡಿಗೆ ಇದು ಅವಮಾನ. ಅಲ್ಲಿ ಸಿಕ್ಕಿಕೊಂಡರೆ ಬಿಟಿಎಂ ಒಳಗಿನ ಗಲ್ಲಿಗಳಲ್ಲಿ ನುಸುಳಬಹುದು, ಗಾಡಿಯನ್ನು ಫುಟ್‌ಪಾತಿಗೇ ಹತ್ತಿಸಬಹುದು. ಸೌದಿ ಅರೇಬಿಯಾ ಕಚ್ಚಾತೈಲವನ್ನು ಪೈಪಿನಲ್ಲಿ ಕೆಂಪು ಸಮುದ್ರದ ದಡಕ್ಕೆ ಕಳಿಸುತ್ತದೆ, ಯುಎಇ ಜಲಸಂಧಿಯ ಆಚೆಗಿರುವ ಫುಜೈರಾ ಬಂದರಿಗೆ ಕಳಿಸುತ್ತದೆ. ಕತಾರಿನ ರಾಸ್ ಲಫ್ಫಾನ್‌ನಲ್ಲಿ ಎಲ್‌ಎನ್‌ಜಿ (ತಣ್ಣಗಾಗಿಸಿ ದ್ರವ ಮಾಡಿದ ನೈಸರ್ಗಿಕ ಅನಿಲ) ತುಂಬಿಕೊಂಡ ಹಡಗಿಗೆ ಆ ಸೌಭಾಗ್ಯವೂ ಇಲ್ಲ. ಅತಿ ಕಿರಿದಾದ ಕಡೆ 33 ಕಿಲೋಮೀಟರ್ ಅಗಲದ ಆ ಬಾಗಿಲಲ್ಲೇ ಹೊರಬೀಳಬೇಕು. ಜಗತ್ತಿನ ಎಲ್‌ಎನ್‌ಜಿಯಲ್ಲಿ ಸುಮಾರು ಐದನೇ ಒಂದು ಪಾಲು ಹೀಗೇ ಹೊರಬೀಳುವುದು.

ಇಷ್ಟೆಲ್ಲ ನನಗ್ಯಾಕೆ? ನಮ್ಮ ಅಡುಗೆಮನೆಗೂ ಪೈಪ್ ಗ್ಯಾಸ್ ಬಂದಿದೆ. ಮಾರಲು ಬಂದ ಹುಡುಗ, “ಇನ್ಮೇಲೆ ಸಿಲಿಂಡರ್ ಕಾಯೋ ಟೆನ್ಷನ್ನೇ ಇಲ್ಲ ಅಂಕಲ್, ಇಪ್ಪತ್ನಾಲ್ಕು ಗಂಟೆ ಗ್ಯಾಸ್” ಅಂದಿದ್ದ. ಪೈಪು ಹೂಳಲು ರಸ್ತೆ ಅಗೆದರು, ಮುಚ್ಚಿದರು. ಡಾಂಬರು ಒಣಗುವ ಮೊದಲೇ ನೀರಿನವರು ಬಂದು ಅಗೆದರು, ಆಮೇಲೆ ಕೇಬಲ್ಲಿನವರು. ‘ಇಲ್ಲಿ ಅಗೆಯುವ ಮೊದಲು ಕರೆ ಮಾಡಿ’ ಎಂಬ ಹಳದಿ ಕಲ್ಲನ್ನು ಜೆಸಿಬಿಯವನು ಕಿತ್ತು, ಜೋಪಾನವಾಗಿ ಪಕ್ಕಕ್ಕಿಟ್ಟು, ಅಗೆದ. ಕರೆ ಮಾಡಿದ್ದನ್ನು ಯಾರೂ ಕಂಡಿಲ್ಲ. ಆ ಕಲ್ಲಿನ ಮೇಲೆ ಈಗ ಹೂವಿನವಳು ಬುಟ್ಟಿ ಇಟ್ಟುಕೊಳ್ಳುತ್ತಾಳೆ.

ಈ ಪೈಪಿನ ಬೇರು ಹುಡುಕುತ್ತ ಹೋದರೆ ಸಾವಿರ ಕಿಲೋಮೀಟರ್ ಆಸುಪಾಸು ದೂರದ ದಾಭೋಲ್ ಸಿಗುತ್ತದೆ. ರತ್ನಗಿರಿ ಜಿಲ್ಲೆ, ಕೊಂಕಣದ ಕರಾವಳಿ. ಎನ್‌ರಾನ್ ನೆನಪಿದೆಯಲ್ಲ? ಮಹಾರಾಷ್ಟ್ರಕ್ಕೆ ಬೆಳಕು ಕೊಡುತ್ತೇನೆಂದು ಬಂದು, 2001ರಲ್ಲಿ ತಾನೇ ದಿವಾಳಿಯಾದ ಕಂಪನಿ. ಅದು ಅರ್ಧಕ್ಕೆ ಬಿಟ್ಟ, ಹಡಗಿನಿಂದ ಎಲ್‌ಎನ್‌ಜಿ ಇಳಿಸುವ ಟರ್ಮಿನಲ್ಲನ್ನು ನಮ್ಮ ಸರ್ಕಾರಿ ಕಂಪನಿಗಳು ಎತ್ತಿಕೊಂಡು, ತೇಪೆ ಹಾಕಿ, 2013ರಲ್ಲಿ ಶುರು ಮಾಡಿದವು. ಒಂದು ಸಣ್ಣ ಕೆಲಸ ಮಾತ್ರ ಬಾಕಿ ಉಳಿಯಿತು: ಅಲೆ ತಡೆಯುವ ಗೋಡೆ. ಸಮುದ್ರದಲ್ಲಿ ಹಡಗು ನಿಲ್ಲಿಸುವ ಜಾಗಕ್ಕೆ ಅಲೆ ತಡೆಯುವ ಗೋಡೆ ಬೇಕೆಂದು ಯಾರಿಗೆ ತಾನೇ ಹೊಳೆದೀತು! ಹಾಗಾಗಿ ವರ್ಷಗಟ್ಟಲೆ, ಮುಂಗಾರು ಬಂತೆಂದರೆ ಟರ್ಮಿನಲ್ ಬಂದ್ ಆಗುತ್ತಿತ್ತು. ಮಳೆಗಾಲ ಮುಗಿಯುವವರೆಗೆ ಹಡಗಿಗೆ ಪ್ರವೇಶವಿರಲಿಲ್ಲ. ಹಾರ್ಮುಜ್ ಮುಚ್ಚಬೇಕಾದರೆ ಇರಾನಿಗೆ ಕ್ಷಿಪಣಿ, ಸಿಡಿಗುಂಡು, ಸಂಸತ್ತಿನ ನಿರ್ಣಯ ಎಲ್ಲ ಬೇಕು. ದಾಭೋಲ್ ಮುಚ್ಚಲು ಮೃಗಶಿರಾ ಮಳೆ ಸಾಕಾಗಿತ್ತು. ಸ್ವಾವಲಂಬನೆ ಅಂದರೆ ಇದು. ನಮ್ಮ ದಾರಿ ನಾವೇ ಮುಚ್ಚಿಕೊಂಡೆವು, ಹೊರಗಿನವರ ಹಂಗಿಲ್ಲ. ಅಷ್ಟು ದಿನ ಕೈಹಿಡಿಯುತ್ತಿದ್ದುದು ಗುಜರಾತಿನ ದಹೇಜ್ ಕಡೆಯ ಪೈಪು. ದಹೇಜ್‌ಗೆ ಹಡಗು ಎಲ್ಲಿಂದ? ಮುಖ್ಯವಾಗಿ ಕತಾರಿನಿಂದ. ಒಪ್ಪಂದವನ್ನು 2024ರಲ್ಲೇ 2048ರವರೆಗೆ ನವೀಕರಿಸಿದ್ದಾರೆ. ಬಾಗಿಲು ಅದೇ.

ಟಿವಿಯಲ್ಲಿ ಅಧಿಕಾರಿಯೊಬ್ಬರು ‘ಸಾಕಷ್ಟು ದಾಸ್ತಾನಿದೆ, ಆತಂಕ ಬೇಡ’ ಅಂದರು. ದಾಸ್ತಾನು ಇರುವುದು ನಿಜ. ನಮ್ಮದೇ ಮಂಗಳೂರಿನಲ್ಲಿ, ಪಾದೂರಿನಲ್ಲಿ ಬಂಡೆ ಕೊರೆದು ಗುಹೆ ಮಾಡಿದ್ದಾರೆ. ಅದರಲ್ಲಿರುವುದು ಕಚ್ಚಾತೈಲ. ನೈಸರ್ಗಿಕ ಅನಿಲಕ್ಕೆ ಅಂಥ ಒಂದು ಗುಹೆಯೂ ಇಲ್ಲ. ಮೈನಸ್ 162 ಡಿಗ್ರಿಯಲ್ಲಿ ಇಡಬೇಕಾದ ದ್ರವ, ದಿನವೂ ಒಂದಿಷ್ಟು ಆವಿಯಾಗುತ್ತದೆ, ಕಷ್ಟ ಅಂತಾರೆ. ಒಪ್ಪೋಣ. ಜರ್ಮನಿಯವರು ಅದನ್ನು ಅನಿಲರೂಪದಲ್ಲೇ ಖಾಲಿಯಾದ ಅನಿಲ ಬಾವಿಗಳಲ್ಲೂ ಉಪ್ಪಿನ ಗುಹೆಗಳಲ್ಲೂ ತುಂಬಿಡುತ್ತಾರೆ. ನಮ್ಮಲ್ಲಿ ಖಾಲಿ ಬಾವಿಗೆ ಬರವೇ?

2022ರಲ್ಲೇ ಪಾಠ ಆಗಿತ್ತು. ಉಕ್ರೇನ್ ಯುದ್ಧದ ಬಿಸಿಗೆ ರಷ್ಯಾದ ಅನಿಲ ಕಂಪನಿ ಗಾಜ್‌ಪ್ರೋಮ್‌ನ ಹಿಂದಿನ ಅಂಗಸಂಸ್ಥೆ ನಮ್ಮ ಸರ್ಕಾರಿ ಅನಿಲ ಕಂಪನಿ ಗೇಲ್‌ಗೆ ಕಳಿಸಬೇಕಿದ್ದ ಹಡಗುಗಳನ್ನು ನಿಲ್ಲಿಸಿತು. ಹೊರಗಡೆ ಕೊಳ್ಳೋಣವೆಂದರೆ ಯುರೋಪಿನವರು ಕೇಳಿದಷ್ಟು ದುಡ್ಡು ಸುರಿದು ಹಡಗು ಹಾರಿಸಿಕೊಂಡು ಹೋದರು. ಇಲ್ಲಿ ಗೊಬ್ಬರ ಕಾರ್ಖಾನೆಗಳಿಗೆ ಗ್ಯಾಸ್ ಕಡಿತ. ಯೂರಿಯಾ ಆಗುವುದೇ ಈ ಅನಿಲದಿಂದ. ಸೊಸೈಟಿ ಮುಂದೆ ಆಧಾರ್ ಕಾರ್ಡ್ ಹಿಡಿದು ಸಾಲಿನಲ್ಲಿ ನಿಲ್ಲುವ ರೈತನಿಗೆ ಹಾರ್ಮುಜ್ ಯಾವ ದಿಕ್ಕಿಗಿದೆ ಎಂದು ಯಾರೂ ಹೇಳುವುದಿಲ್ಲ. ‘ಸ್ಟಾಕ್ ಇಲ್ಲ’ ಅಂತಾರೆ, ಶಟರ್ ಎಳೀತಾರೆ.

ನಗುವಷ್ಟು ನಕ್ಕೆ. ಪ್ರತಿ ಸಲ ಅದೇ ನಕಾಶೆ, ಅದೇ ಕೆಂಪು ಬಾಣ, ಅದೇ ‘ಪರಿಸ್ಥಿತಿ ಗಮನಿಸುತ್ತಿದ್ದೇವೆ’. ಗಮನಿಸಿ ಏನು ಮಾಡಿದಿರಿ ಸ್ವಾಮಿ? ರಸ್ತೆ ಅಗೆಯಲು ದುಡ್ಡಿತ್ತು, ಪೈಪಿಗೆ ದುಡ್ಡಿತ್ತು, ‘ಗ್ಯಾಸ್ ಆಧಾರಿತ ಆರ್ಥಿಕತೆ’ ಅಂತ ಜಾಹೀರಾತಿಗೂ ದುಡ್ಡಿತ್ತು. ಒಂದು ತಿಂಗಳಿಗಾಗುವಷ್ಟು ಗ್ಯಾಸ್ ಕೂಡಿಡುವ ಜಾಗಕ್ಕೆ ಮಾತ್ರ ಇನ್ನೂ ಫೈಲ್ ಓಡಾಡುತ್ತಿದೆ.

ಮೊನ್ನೆ ಎದುರು ಮನೆಯವರು ಸದ್ದಿಲ್ಲದೆ ಇಂಡಕ್ಷನ್ ಒಲೆ ತಂದರು. ಸಂಜೆ ಏಳಕ್ಕೆ ಕರೆಂಟ್ ಹೋಯಿತು.