ಬೀರುವಿನಲ್ಲಿಟ್ಟ ವಿಸ್ಕಿ ಬಾಟಲಿಗೆ ನಾಳೆ ದುಡ್ಡು ಹುಟ್ಟುತ್ತಾ?

ಪರ: ಮೆಣಸು ಕಾಯುವವರು ಬಾಟಲಿ ಕಾಯಬಾರದಾ?

ನಮ್ಮ ಚಿಕ್ಕಮಗಳೂರು ಕಡೆಯ ಬೆಳೆಗಾರರಿಗೆ ಮಾಲು ಹಿಡಿದಿಟ್ಟು ಕಾಯೋದು ಹೊಸದೇನಲ್ಲ. ದರ ಬಿದ್ದ ವರ್ಷ ಮೆಣಸನ್ನು ಚೆನ್ನಾಗಿ ಒಣಗಿಸಿ ಚೀಲ ಕಟ್ಟಿಡುತ್ತೇವೆ. ದರ ಬಂದಾಗ ಮಾರುತ್ತೇವೆ. ಸೀಲು ಒಡೆಯದ ವಿಸ್ಕಿ ಬಾಟಲಿ ಮೆಣಸಿಗಿಂತ ಜಾಸ್ತಿ ಕಾಲ ತಡೆಯುತ್ತೆ. ಪೀಪಾಯಿಯಿಂದ ಗಾಜಿಗೆ ಇಳಿದ ಮೇಲೆ ವಿಸ್ಕಿ ಮಾಗೋದು ನಿಂತುಹೋಗುತ್ತೆ. 12 ವರ್ಷದ ವಿಸ್ಕಿಯನ್ನು ಬೀರುವಿನಲ್ಲಿ ಇನ್ನೂ 20 ವರ್ಷ ಇಟ್ಟರೂ ಅದು 12 ವರ್ಷದ್ದೇ. ಮತ್ತೆ ಬೆಲೆ ಏರೋದು ಯಾಕೆ? ಅದೇ ವರ್ಷ, ಅದೇ ಪೀಪಾಯಿಯಿಂದ ಬಂದ ಉಳಿದ ಬಾಟಲಿಗಳನ್ನು ಜನ ಕುಡಿದು ಮುಗಿಸುತ್ತಾ ಬರ್ತಾರೆ, ಅದಕ್ಕೆ. ಕಾಫಿ ಆದರೆ ಬ್ರೆಜಿಲ್‌ನಲ್ಲಿ ಮುಂದಿನ ವರ್ಷ ಮತ್ತೆ ಬೆಳೆಯುತ್ತೆ, ನಮ್ಮ ದರ ಬೀಳಿಸುತ್ತೆ. ಹಳೇ ವಿಸ್ಕಿಯನ್ನು ಯಾರೂ ಹೊಸದಾಗಿ ಬೆಳೆಯೋಕಾಗಲ್ಲ.

ಎಲ್ಲರೂ ಹೇಳುವ ಉದಾಹರಣೆ ಸ್ಕಾಟ್ಲೆಂಡಿನ ಮೆಕ್ಯಾಲನ್ ಕಂಪನಿಯ ವಿಸ್ಕಿ. 1926ರಲ್ಲಿ ಪೀಪಾಯಿಗೆ ತುಂಬಿದ ವಿಸ್ಕಿಯನ್ನು 60 ವರ್ಷ ಬಿಟ್ಟು 1986ರಲ್ಲಿ ಬಾಟಲಿಗೆ ಇಳಿಸಿದರು. ಸಿಕ್ಕಿದ್ದು 40 ಬಾಟಲಿ. ಅದರಲ್ಲೊಂದು 2019ರಲ್ಲಿ ಸುಮಾರು 15 ಲಕ್ಷ ಪೌಂಡಿಗೆ ಹೋಯಿತು. 2023ರ ನವೆಂಬರ್‌ನಲ್ಲಿ ಲಂಡನ್ನಿನ ಸೋದಬೀಸ್ ಹರಾಜಿನಲ್ಲಿ ಇನ್ನೊಂದು 21 ಲಕ್ಷ ಪೌಂಡ್ ದಾಟಿತು. ನಮ್ಮ ಲೆಕ್ಕದಲ್ಲಿ 22 ಕೋಟಿಗೂ ಮೇಲೆ! ಅದು ನಮ್ಮ ನಿಮ್ಮ ಆಟ ಅಲ್ಲ, ಬಿಡಿ. ಆದರೆ ಅದೇ ನಿಯಮ ಕೆಳಗೂ ನಡೆಯುತ್ತೆ. ಸ್ಕಾಟ್ಲೆಂಡಿನ ಐಲಾ ದ್ವೀಪದ ಪೋರ್ಟ್ ಎಲೆನ್ ಡಿಸ್ಟಿಲರಿ 1983ರಲ್ಲಿ ಮುಚ್ಚಿತು. ಆಮೇಲೆ ಅಲ್ಲಿನ ಹಳೇ ಸರಕಿಗೆ ಬೇಡಿಕೆ ಏರುತ್ತಲೇ ಹೋಯಿತು.

ನನಗೆ ಜಾಸ್ತಿ ಆಸೆ ಹುಟ್ಟಿಸಿರೋದು ನಮ್ಮ ಬೆಂಗಳೂರಿನ ಅಮೃತ್. 2004ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲೇ ಸಿಂಗಲ್ ಮಾಲ್ಟ್, ಅಂದರೆ ಒಂದೇ ಡಿಸ್ಟಿಲರಿಯಲ್ಲಿ ಮೊಳಕೆ ಬಾರ್ಲಿಯಿಂದ ಮಾಡಿದ ವಿಸ್ಕಿ, ಬಿಡುಗಡೆ ಮಾಡಿದ ಕಂಪನಿ ಅದು. ಸ್ಕಾಟ್ಲೆಂಡಿನ ಚಳಿಯಲ್ಲಿ ಪೀಪಾಯಿಯಿಂದ ವರ್ಷಕ್ಕೆ ಶೇ 2ರಷ್ಟು ಆವಿಯಾದರೆ, ಬೆಂಗಳೂರಿನಲ್ಲಿ ಶೇ 10ರಿಂದ 12 ಹೋಗುತ್ತೆ. ಹತ್ತು ವರ್ಷ ಬಿಟ್ಟರೆ ಅರ್ಧಕ್ಕಿಂತ ಜಾಸ್ತಿ ಗಾಳಿಗೇ. ಹಾಗಾಗಿ ಹಳೆಯ ಭಾರತೀಯ ವಿಸ್ಕಿ ಕಡಿಮೆ ಇರೋದು ಮಾರ್ಕೆಟಿಂಗ್ ಮಾತಲ್ಲ, ಹವೆಯ ಕೆಲಸ. ಇಂಥ ಬಾಟಲಿಗೆ ಮುಂದೆ ಬೆಲೆ ಬಂದೇ ಬರುತ್ತೆ ಅನ್ನೋದು ನನ್ನ ನಂಬಿಕೆ.

ತೋಟ ಮಾರಿ ಬಾಟಲಿ ಕೊಳ್ಳಿ ಅಂತ ನಾನು ಹೇಳ್ತಿಲ್ಲ. ಒಳ್ಳೆ ದರ ಸಿಕ್ಕ ವರ್ಷ ಕೈಯಲ್ಲಿ ಉಳಿದ ಸ್ವಲ್ಪ ದುಡ್ಡಿನ ಮಾತು ಇದು. ಮಗನೋ ಮಗಳೋ ಲಂಡನ್ನಿನಲ್ಲಿ ಇದ್ದರೆ ಅಲ್ಲೇ ಕೊಂಡು, ಅಲ್ಲೇ ಇಟ್ಟು, ಅಲ್ಲಿನ ಹರಾಜಿನಲ್ಲೇ ಮಾರಬಹುದು. ಬೆಲೆ ಬರಲಿಲ್ಲ ಅಂದರೆ? ಕುಡಿದರಾಯ್ತು. ಬಿದ್ದ ಷೇರನ್ನು ಕುಡಿಯೋಕಾಗುತ್ತಾ?

ವಿರೋಧ: ಬೆಲೆ ಇದೆ, ಮಾರೋ ಜಾಗ ಎಲ್ಲಿದೆ ಸ್ವಾಮಿ?

ಹಾಸನದಲ್ಲಿ ಕೂತು ಬೇರೆಯವರ ತೆರಿಗೆ ಲೆಕ್ಕ ಬರೆಯೋನು ನಾನು. ಆಸ್ತಿ ಅಂದಾಗ ನಾನು ಮೊದಲು ಕೇಳೋದು, ಇದನ್ನು ನಾಳೆ ಬೆಳಿಗ್ಗೆ ಯಾರಿಗೆ ಮಾರ್ತೀರಿ ಅಂತ. ಬಂಗಾರ ಆದರೆ ಊರಿನ ಯಾವ ಬ್ಯಾಂಕಿನಲ್ಲಾದರೂ ಅಡ ಇಟ್ಟು ಸಂಜೆಗೆ ದುಡ್ಡು ತರಬಹುದು. ಬಾಟಲಿ ಹಿಡಿದು ಹೋದರೆ ಮ್ಯಾನೇಜರ್ ಏನಂತಾರೆ? ಅಡ ಬಿಡಿ, ಮಾರೋದೇ ತಪ್ಪು. ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ಮಾರೋದು ಅಪರಾಧ. ಅದು ಪ್ಯಾಕೆಟ್ ಎಣ್ಣೆಯೋ, 18 ವರ್ಷದ ಸಿಂಗಲ್ ಮಾಲ್ಟೋ ಅಂತ ಕಾನೂನು ನೋಡಲ್ಲ. ಮನೆಯಲ್ಲಿ ಎಷ್ಟು ಇಟ್ಟುಕೊಳ್ಳಬಹುದು ಅನ್ನೋದಕ್ಕೂ ಮಿತಿ ಇದೆ. ಗೆಳೆಯರ ಮಧ್ಯೆ ಸುಮ್ನೆ ಕೈ ಬದಲಾಯಿಸೋಣ ಅಂತ ಹೊರಟು ಸಿಕ್ಕಿಬಿದ್ದರೆ ಬಾಟಲಿಯೂ ಹೋಯ್ತು, ಕೇಸೂ ಆಯ್ತು.

ಇನ್ನು ಇಡೋ ವಿಚಾರ. ಹರಾಜಿನವರು ವಿಸ್ಕಿಯ ರುಚಿ ನೋಡಲ್ಲ. ಲೇಬಲ್, ಡಬ್ಬ, ಸೀಲು ನೋಡ್ತಾರೆ. ಬಾಟಲಿಯ ಕತ್ತಿನಲ್ಲಿ ವಿಸ್ಕಿ ಎಲ್ಲಿವರೆಗೆ ನಿಂತಿದೆ ಅಂತ ಬೆಳಕಿಗೆ ಹಿಡಿದು ನೋಡ್ತಾರೆ. ಕತ್ತಿನಿಂದ ಭುಜಕ್ಕೆ ಇಳಿದಿದ್ದರೆ ಬೆಲೆಯೂ ಇಳೀತು. ಮಲಗಿಸಿ ಇಟ್ಟರೆ ವಿಸ್ಕಿ ಕಾರ್ಕನ್ನು ತಿನ್ನುತ್ತೆ, ಬಿಸಿಲಿಗೆ ಇಟ್ಟರೆ ಲೇಬಲ್ ಬಣ್ಣ ಹೋಗುತ್ತೆ. ಈಗ ಸಕಲೇಶಪುರ, ಮೂಡಿಗೆರೆಯ ಮಳೆಗಾಲ ನೆನಪಿಸಿಕೊಳ್ಳಿ. ಜುಲೈ ಬಂತು ಅಂದರೆ ಬೀರುವಿನಲ್ಲಿರೋ ಕೋಟು, ಬೆಲ್ಟು, ಚಪ್ಪಲಿಗೆಲ್ಲ ಬೂಸ್ಟು. ಆ ರಟ್ಟಿನ ಡಬ್ಬ, ಆ ಕಾಗದದ ಲೇಬಲ್ ಇಪ್ಪತ್ತು ಮಳೆಗಾಲ ಕಳೆದು ಹೊಸದರಂತೆ ಇರುತ್ತಾ? ಬೂಸ್ಟಿನಿಂದ ಉಳಿದದ್ದನ್ನು ಬೆಳ್ಳಿಮೀನು ಹುಳ ತಿನ್ನುತ್ತೆ. ಒಳಗಿನ ವಿಸ್ಕಿಗೆ ಏನೂ ಆಗಿರಲ್ಲ, ನಿಜ. ಆದರೆ ನೀವು ಮಾರೋಕೆ ಹೊರಟಿರೋದು ಲೇಬಲ್ಲನ್ನೂ ಅಲ್ವಾ?

ನಕಲಿ ಕಾಟ ಇನ್ನೊಂದು. 2018ರಲ್ಲಿ ಸ್ಕಾಟ್ಲೆಂಡಿನ ಪ್ರಯೋಗಾಲಯವೊಂದರಲ್ಲಿ 55 ಹಳೇ ಬಾಟಲಿ ಪರೀಕ್ಷಿಸಿದಾಗ 21 ನಕಲಿ ಅಂತ ಗೊತ್ತಾಯಿತು. ಅದರ ಹಿಂದಿನ ವರ್ಷ ಸ್ವಿಟ್ಜರ್ಲೆಂಡಿನ ಹೋಟೆಲೊಂದರಲ್ಲಿ 1878ರ ಮೆಕ್ಯಾಲನ್ ಅಂತ ಒಂದು ಪೆಗ್ಗಿಗೆ ಚೀನಾದ ಗ್ರಾಹಕರೊಬ್ಬರು 9,999 ಫ್ರಾಂಕ್ ಕೊಟ್ಟಿದ್ದರು. ಪರೀಕ್ಷೆ ಮಾಡಿಸಿದರೆ ಅದು 1970ರ ಆಸುಪಾಸಿನ ಮಾಲು. ಹೋಟೆಲಿನವರೇ ಮೋಸ ಹೋಗಿದ್ದರು, ಪಾಪ. ದುಡ್ಡು ವಾಪಸ್ ಕೊಟ್ಟರು. ಅಲ್ಲಿ ಮಾಲಿನ ವಯಸ್ಸು ಹೇಳೋ ಕಾರ್ಬನ್ ಪರೀಕ್ಷೆ ಮಾಡೋಕೆ ಜನ ಇದ್ದಾರೆ. ಇಲ್ಲಿ ನಿಮ್ಮ ಕೈಗೆ ಬಂದ ಬಾಟಲಿಯನ್ನು ಯಾರಿಗೆ ತೋರಿಸ್ತೀರಿ?

22 ಕೋಟಿಯ ಸುದ್ದಿ ಬಂದ ಅದೇ 2023ರಲ್ಲಿ ಅಪರೂಪದ ವಿಸ್ಕಿಯ ಬೆಲೆ ಒಟ್ಟಾರೆ ಶೇ 9ರಷ್ಟು ಬಿದ್ದಿತ್ತು ಅಂತ ಆಸ್ತಿ ಸಲಹೆ ಕೊಡೋ ನೈಟ್ ಫ್ರಾಂಕ್ ಸಂಸ್ಥೆಯ ಸೂಚ್ಯಂಕ ಹೇಳುತ್ತೆ. ಮುಚ್ಚಿತು ಅಂತ ಪರ ಬರೆದವರು ಹೆಸರಿಸಿದ ಪೋರ್ಟ್ ಎಲೆನ್ ಕೂಡ 2024ರಲ್ಲಿ ಮತ್ತೆ ಶುರುವಾಗಿದೆ. ಇಲ್ಲಿ ವಿದೇಶಿ ವಿಸ್ಕಿ ದುಬಾರಿ ಅನ್ನೋ ಧೈರ್ಯವೂ ಬೇಡ. 2025ರ ಜುಲೈನಲ್ಲಿ ಸಹಿಯಾದ ಭಾರತ-ಬ್ರಿಟನ್ ಒಪ್ಪಂದದಲ್ಲಿ ಸ್ಕಾಚ್ ಮೇಲಿನ ಆಮದು ಸುಂಕ ಶೇ 150ರಿಂದ ಮೊದಲು 75ಕ್ಕೆ, ಹತ್ತನೇ ವರ್ಷಕ್ಕೆ 40ಕ್ಕೆ ಇಳಿಯಬೇಕು. ಇವತ್ತು ದುಬಾರಿ ಕೊಟ್ಟು ತಂದ ಮಾಮೂಲಿ ಸ್ಕಾಚನ್ನು ಜೋಪಾನ ಮಾಡಿದರೆ, ನಾಳೆ ಅಂಗಡಿಯಲ್ಲೇ ಅಗ್ಗಕ್ಕೆ ಸಿಗಬಹುದು.

ಅಮೃತ್ ವಿಷಯದಲ್ಲಿ ನನ್ನದೂ ತಕರಾರಿಲ್ಲ. ಒಳ್ಳೆ ವಿಸ್ಕಿ. ಆದರೆ ಅದಕ್ಕೆ ಹರಾಜು ನಡೆಯೋದೂ ಬ್ರಿಟನ್ನಿನಲ್ಲೇ. ಮಗ ಅಲ್ಲಿ ಕೊಂಡು, ಅಲ್ಲೇ ಇಟ್ಟು, ಹರಾಜಿನವರ ಕಮಿಷನ್ ಕಟ್ಟಿ, ಅಲ್ಲೇ ಮಾರಿದರೆ ಅದು ಮಗನ ವ್ಯಾಪಾರ. ಅಪ್ಪನ ಪಾಲಿಗೆ ಬರೋದು ಅವನು ರಜೆಗೆ ಬರುವಾಗ ಡ್ಯೂಟಿ ಫ್ರೀಯಲ್ಲಿ ತರೋ ಎರಡು ಲೀಟರ್. ಅದನ್ನು ಬೀರುವಿಗೆ ಸೇರಿಸೋ ಬದಲು ಅವತ್ತೇ ಒಡೆದು ಇಬ್ಬರೂ ಕೂತು ಕುಡೀಲಿ.