ಗಾಜು ತಣಿಯಲು ಬಿಡಿ
ನನ್ನ ಗಾಜು ಬೆಸೆಯುವ ಕಾರ್ಯಾಗಾರ ಮುಗಿದು ಕೈ ತೊಳೆಯುವ ಮೊದಲೇ ಅದೇ ಪ್ರಶ್ನೆ: ‘ಮಾಡಿದ್ದನ್ನು ಇವತ್ತೇ ಮನೆಗೆ ಒಯ್ಯಬಹುದಲ್ಲವೇ?’ ಆಗುವುದಿಲ್ಲ ಎಂದು ನೋಂದಣಿಯ ಹೊತ್ತಿನಲ್ಲೇ ಹೇಳಿರುತ್ತೇನೆ. ಗಾಜಿನ ತುಂಡುಗಳು ಒಂದಾಗಿ ಬೆಸೆಯಲು ಕುಲುಮೆ ಸುಮಾರು 800 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಆಮೇಲೆ 500ರ ಆಸುಪಾಸಿನಲ್ಲಿ ನಿಂತು, ಒಳಗಿನ ಬಿಗಿತ ಸಡಿಲಗೊಂಡು, ಗಂಟೆಗಟ್ಟಲೆ ನಿಧಾನವಾಗಿ ತಣಿಯಬೇಕು. ಅವಸರಪಟ್ಟರೆ ಗಾಜು ಸೀಳುತ್ತದೆ. ಕೆಲವೊಮ್ಮೆ ವಾರ ಕಳೆದ ಮೇಲೆ, ಕಪಾಟಿನಲ್ಲಿ ಸುಮ್ಮನೆ ಕುಳಿತಿದ್ದಾಗ.

ಕಳೆದ ಮೇಳದ ಹಿಂದಿನ ರಾತ್ರಿ ಒಬ್ಬರು ಕಾಡಿ ಬೇಡಿದ್ದಕ್ಕೆ ಕುಲುಮೆಯ ಬಾಗಿಲು ಬೇಗ ತೆರೆದೆ. ಟಿಣ್ ಎಂಬ ಒಂದೇ ಸದ್ದು. ಅವರ ತಟ್ಟೆಯಷ್ಟೇ ಅಲ್ಲ, ಮೇಳಕ್ಕೆಂದು ನಾನು ಮೂರು ದಿನ ಕತ್ತರಿಸಿ ಜೋಡಿಸಿದ್ದ ನೀಲಿ ಹರಿವಾಣವೂ ಹೋಯಿತು. ಇನ್ನು ಯಾರೇ ಕೇಳಲಿ, ಕುಲುಮೆ ಪೂರ್ತಿ ತಣ್ಣಗಾಗುವವರೆಗೆ ಬಾಗಿಲು ಮುಟ್ಟುವುದಿಲ್ಲ.